ತಂತಿಯ ಕೀ ಮತ್ತು ಕೈಗುಣ

ಬಳ್ಳಾರಿಯ ಹೆಚ್ಚಿನ ತಾಲ್ಲೂಕುಗಳು 1953ರಲ್ಲಿಯೂ ದಕ್ಷಿಣ ಕನ್ನಡವು 1956ರಲ್ಲಿಯೂ ಮೈಸೂರನ್ನು ಸೇರುವವರೆಗೆ ಈ ಮದರಾಸೇ ಅಲ್ಲಿನ ಕನ್ನಡಿಗರಿಗೆ ರಾಜಧಾನಿಯಾಗಿತ್ತಷ್ಟೆ. ಊರಿನಿಂದ ತಂತಿ ಬಂದಿತೆಂದರೆ ಮನೆಮಂದಿಯ ಎದೆ ಡವಗುಟ್ಟುತ್ತಿತ್ತು. ಆ ತಂತಿಯನ್ನು ಬಡಿದ ಕೈ ಎಂಥದು, ಅದು ಒತ್ತಿದ ಕೀ ಎಂಥದು ಎಂದು ವಿಚಾರಿಸಿದವರು ಕಡಿಮೆ.

ಮೋರ್ಸ್ ಲಿಪಿಯೊಂದನ್ನು ಕಲಿತರೆ ಎಲ್ಲ ಕೀಗಳೂ ಒಂದೇ ಎಂದು ನಾವು ಭಾವಿಸುತ್ತೇವೆ. ಕೈಯ ಮಟ್ಟಿಗೆ ಇದು ನಿಜವಲ್ಲ. ಕನ್ನಡ ಎಂಬ ನಮ್ಮ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ತಂತಿಗೆ ಕೊಡೋಣ. ಏಳು ಅಕ್ಷರಗಳಿಗೆ ಎಂಟು ಚುಕ್ಕೆ, ಎಂಟು ಗೆರೆ. ಲೆಕ್ಕ ಸರಿಸಮ! ಆದರೆ ಗೆರೆಗೆ ಚುಕ್ಕೆಯ ಮೂರರಷ್ಟು ಹೊತ್ತು ಒತ್ತಬೇಕು.

ನೆಲದ ತಂತಿಯ ಕೀ ಎಂದರೆ ಒಂದು ಹಿತ್ತಾಳೆಯ ಸನ್ನೆಗೋಲು, ತುದಿಗೊಂದು ಗುಂಡಿ, ಅಡಿಗೊಂದು ಸ್ಪ್ರಿಂಗು. ಸ್ಪ್ರಿಂಗನ್ನು ಬಿಗಿ ಮಾಡಿದರೆ ಅಕ್ಷರ ಸ್ಪಷ್ಟ, ಆದರೆ ಮಣಿಕಟ್ಟಿಗೆ ಆಯಾಸ. ಸಡಿಲಿಸಿದರೆ ಕೈ ಹಗುರ, ಆದರೆ ಚುಕ್ಕೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗುಂಡಿ ಇಳಿಯುವ ಅಂತರಕ್ಕೂ ಬೇರೊಂದು ತಿರುಪು. ಅದು ಕೂದಲೆಳೆಯಷ್ಟು ಹೆಚ್ಚಿದರೂ ಬೆರಳಿಗೆ ಗೊತ್ತಾಗುತ್ತದೆ. ಅಮೆರಿಕದವರು ತಗ್ಗಾದ ಚಪ್ಪಟೆ ಗುಂಡಿಯಿಟ್ಟು ಮುಂಗೈಯನ್ನು ಮೇಜಿನ ಮೇಲೆ ಊರಿ ಬಡಿಯುತ್ತಿದ್ದರು. ಬ್ರಿಟಿಷರದು ಎತ್ತರದ ಗುಂಡಿ. ಬೆರಳುಗಳಲ್ಲಿ ಹಿಡಿದು, ಕೈಯನ್ನು ಮೇಜಿನಿಂದ ಎತ್ತಿ, ಮಣಿಕಟ್ಟನ್ನು ಆಡಿಸಬೇಕು.

ಸಮುದ್ರದ ತಂತಿಯ ಕಥೆಯೇ ಬೇರೆ. ಮದರಾಸಿನಿಂದ ಪೆನಾಂಗಿಗೆ, ಅಲ್ಲಿಂದ ಸಿಂಗಪುರಕ್ಕೆ ಕಡಲಡಿಯ ಕೇಬಲು 1871ರ ಜನವರಿಯಲ್ಲಿ ತೆರೆಯಿತು. ಅಷ್ಟು ಉದ್ದದ ಕೇಬಲಿನಲ್ಲಿ ವಿದ್ಯುತ್ತು ತಡವರಿಸಿ, ಮಸುಕಾಗಿ ಆಚೆದಡ ಮುಟ್ಟುತ್ತದೆ; ಗಿಡ್ಡ ಯಾವುದು, ಉದ್ದ ಯಾವುದು ಎಂದು ತಿಳಿಯುವುದು ಕಷ್ಟ. ಆದಕಾರಣ ಚುಕ್ಕೆಗೆ ಒಂದು ದಿಕ್ಕಿನ ಪ್ರವಾಹ, ಗೆರೆಗೆ ಎದುರು ದಿಕ್ಕಿನದು. ಕೀಯಲ್ಲಿ ಪಕ್ಕಪಕ್ಕದಲ್ಲಿ ಎರಡು ಸನ್ನೆಗೋಲು, ಎರಡು ಬೆರಳಿನ ಕೆಲಸ. ನಮ್ಮ ಕನ್ನಡದ ಹದಿನಾರು ಒತ್ತುಗಳೂ ಇಲ್ಲಿ ಸಮಾನ ಉದ್ದ! ಅತ್ತ ಕಡೆ ವಿಲಿಯಂ ಥಾಮ್ಸನ್ನನ ಯಂತ್ರವು ಕಾಗದದ ಪಟ್ಟಿಯ ಮೇಲೆ ಶಾಯಿಯ ಅಲೆ ಎಳೆಯುತ್ತಿತ್ತು. ಹೀಗೆ ಒಂದೇ ಊರಿನಲ್ಲಿ ಹೊತ್ತನ್ನು ಅಳೆಯುವ ಕೈಯೊಂದು, ದಿಕ್ಕನ್ನು ಆರಿಸುವ ಕೈಯೊಂದು. ಮುಂದೆ ತೂತಿನ ಪಟ್ಟಿ ಓಡಿಸುವ ಯಂತ್ರ ಬಂದು ಈ ಎರಡನೆಯ ಕೈಗೆ ಕೆಲಸ ತಪ್ಪಿತು.

ಕೈ ಸವೆದದ್ದೂ ಉಂಟು. ದಿನವಿಡೀ ಬಡಿದವರ ಬೆರಳು ಸೆಟೆದು ಕೀಯ ಮೇಲೆ ನಿಲ್ಲದಂತಾಗುತ್ತಿತ್ತು. ಇಂಗ್ಲೆಂಡಿನಲ್ಲಿ 1908ರಲ್ಲಿ ಇದನ್ನು ಪರಿಹಾರಕ್ಕೆ ಅರ್ಹವಾದ ಕಸುಬಿನ ಬೇನೆಯೆಂದು ಒಪ್ಪಿಕೊಂಡರು. ಅಮೆರಿಕದ ಹೊರೇಸ್ ಮಾರ್ಟಿನ್ 1904ರಲ್ಲಿ ಹಕ್ಕುಪತ್ರ ಪಡೆದ ವೈಬ್ರೊಪ್ಲೆಕ್ಸ್ ಕೀ ಈ ಬೇನೆಗೆ ಒಂದು ಮದ್ದು. ಅದನ್ನು ಅಡ್ಡಡ್ಡ ತಳ್ಳಬೇಕು. ಚುಕ್ಕೆಗಳನ್ನು ಅದುರುವ ಸ್ಪ್ರಿಂಗೇ ಸುರಿಸುತ್ತದೆ, ಗೆರೆ ಮಾತ್ರ ಕೈಯದು. ವೇಗ ಹೆಚ್ಚಿತು, ಆದರೆ ಚುಕ್ಕೆಯಲ್ಲಿ ಕೈಗುಣ ಉಳಿಯಲಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಏಕೆಂದರೆ ಪಳಗಿದ ಕಿವಿಗೆ ಬಡಿತವೂ ಕೈಬರಹವೇ. ಒಬ್ಬನ ಗೆರೆ ತುಸು ಎಳೆಯುತ್ತದೆ, ಇನ್ನೊಬ್ಬನ ಚುಕ್ಕೆ ಮುಗ್ಗರಿಸುತ್ತದೆ. ಹೆಸರು ಹೇಳದೆಯೇ ಆಳು ಗುರುತಾಗುತ್ತಾನೆ.

ಹಡಗುಗಳ ಅಪಾಯಸೂಚನೆಯಿಂದ ಮೋರ್ಸ್ 1999ರ ಫೆಬ್ರವರಿಯಲ್ಲಿ ನಿವೃತ್ತವಾಯಿತು. ನಮ್ಮ ದೇಶದಲ್ಲಿ ತಂತಿ ಸೇವೆಯೇ 2013ರ ಜುಲೈಯಲ್ಲಿ ನಿಂತಿತು. ಕೀ ಅದಕ್ಕೂ ಬಹಳ ಮೊದಲೇ ಟೆಲಿಪ್ರಿಂಟರಿಗೆ ಜಾಗ ಬಿಟ್ಟುಕೊಟ್ಟಿತ್ತು. ಈಗ ಅದನ್ನು ಬಡಿಯುವವರು ಹೆಚ್ಚಾಗಿ ಹವ್ಯಾಸಿ ರೇಡಿಯೋದವರು. ಹಳೆಯ ಸಾಮಾನಿನ ನಡುವೆ ಅಂಥ ಕೀಯೊಂದು ಸಿಕ್ಕರೆ, ಹೊಳಪು ಕೊಡುವ ಮುನ್ನ ಸ್ಪ್ರಿಂಗಿನ ತಿರುಪನ್ನು ಮುಟ್ಟದೆ ಒಮ್ಮೆ ಒತ್ತಿ ನೋಡಿರಿ. ಕೊನೆಯದಾಗಿ ಕೂತಿದ್ದ ಗುಮಾಸ್ತ ತನ್ನ ಮಣಿಕಟ್ಟಿಗೆ ಹೊಂದಿಸಿಟ್ಟ ಬಿಗಿ ಹಾಗೆಯೇ ಇದ್ದೀತು.