ಅಜ್ಜಿಯೇ ಅತ್ತೆಯಾದ ಮನೆಗಳು

ಅಕ್ಕನಿಗೆ ಮಗಳು ಹುಟ್ಟಿದರೆ ತಮ್ಮನಿಗೆ ಹೆಂಡತಿ ಹುಟ್ಟಿದಳೆಂದು ತೊಟ್ಟಿಲ ಬಳಿಯೇ ಮಾತಾಗುತ್ತಿದ್ದ ಸೀಮೆ ಇದು. ಸೋದರಮಾವನನ್ನು ಕಟ್ಟಿಕೊಂಡ ಹುಡುಗಿಗೆ ಅಜ್ಜಿಯೇ ಅತ್ತೆ. ಜಮೀನೂ ಮನೆಯೊಳಗೇ ಉಳಿಯುತ್ತಿತ್ತು. ಮಾವನ ಮಗಳನ್ನು ವರಿಸುವುದನ್ನು ಬೌಧಾಯನ ಧರ್ಮಸೂತ್ರವೇ ದಕ್ಷಿಣದವರ ಆಚಾರವೆಂದು ಗುರುತಿಸಿದೆ. 1955ರ ಹಿಂದೂ ವಿವಾಹ ಕಾಯ್ದೆ ಮಾವ–ಸೊಸೆಯ ಮದುವೆಯನ್ನು ನಿಷೇಧಿಸಿದರೂ, ರೂಢಿಯಿದ್ದಲ್ಲಿ ವಿನಾಯಿತಿ ಕೊಟ್ಟಿತು.

ಮೈಸೂರು ತಳಿಯ ಹೆಣ್ಣು ಪತಂಗಕ್ಕೆ ಬೇರೆ ತಳಿಯ ಗಂಡನ್ನು ಕೂಡಿಸಿದರೆ ಹುಳು ಗಟ್ಟಿ, ಗೂಡು ದಪ್ಪ ಎಂಬುದು ರೇಷ್ಮೆ ಬೆಳೆಗಾರರಿಗೆ ಹಳೆಯ ತಿಳಿವಳಿಕೆ. ಮದುವೆಯ ವಿಷಯದಲ್ಲಿ ಆ ಲೆಕ್ಕ ನಡೆಯಲಿಲ್ಲ. ಅಲ್ಲಿ ನಂಬಿಕೆ, ಆಸ್ತಿ, ಅಕ್ಕರೆಗಳದೇ ಮೇಲುಗೈ.

ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ 1902ರಲ್ಲಿ, ಮೂತ್ರ ಕಪ್ಪಾಗುವ ಆಲ್ಕಾಪ್ಟೊನ್ಯೂರಿಯಾ ರೋಗಿಗಳ ತಂದೆತಾಯಿ ಎಷ್ಟೋ ಕಡೆ ರಕ್ತಸಂಬಂಧಿಗಳೆಂದು ತೋರಿಸಿದ. ಇಂಥ ಕಾಯಿಲೆಯ ಜೀನು ಒಬ್ಬರಿಂದ ಮಾತ್ರ ಬಂದರೆ ಮಗುವಿಗೆ ತೊಂದರೆಯಿಲ್ಲ. ಇಬ್ಬರಿಂದಲೂ ಬಂದರೆ ಕಾಯಿಲೆ. ಮಾವ–ಸೊಸೆಯರಲ್ಲಿ ಸರಾಸರಿ ಕಾಲುಭಾಗ ಜೀನುಗಳು ಸಮಾನ, ಸೋದರಿಕೆಯ ಮಕ್ಕಳಲ್ಲಿ ಎಂಟನೆಯ ಒಂದು ಭಾಗ.

ಕನ್ನಡನಾಡಿನಲ್ಲಿ ಇಂಥ ಮದುವೆಗಳ ಲೆಕ್ಕವನ್ನು ದೊಡ್ಡ ಪ್ರಮಾಣದಲ್ಲಿ ಹಿಡಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು. ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಹಸುಗೂಸುಗಳ ರಕ್ತ ಪರೀಕ್ಷಿಸುವಾಗ ತಾಯಂದಿರನ್ನು ಗಂಡನ ನಂಟು ಯಾವುದೆಂದೂ ಕೇಳಿದರು. ತಳಿವಿಜ್ಞಾನಿ ಅಲನ್ ಬಿಟಲ್ಸ್ ಜೊತೆಗೂಡಿ 1980ರಿಂದ 89ರವರೆಗಿನ 1,07,518 ಮದುವೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ, ಸುಮಾರು ಶೇ 31 ರಕ್ತಸಂಬಂಧದವು! ಹಿಂದೂಗಳಲ್ಲಿ ಹೆಚ್ಚು; ಮುಸ್ಲಿಮರು, ಕ್ರೈಸ್ತರು ಹೊರತಲ್ಲ.

ಹಾಗೆಂದು ಎಲ್ಲ ಆನುವಂಶಿಕ ಕಾಯಿಲೆಯನ್ನೂ ಈ ವಾಡಿಕೆಯ ತಲೆಗೆ ಕಟ್ಟುವುದು ಅನ್ಯಾಯ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನಲ್ಲಿ ಬೆಳಕಿಗೆ ಬಂದು, ಕೀಲು ಸವೆಸಿ ದುಡಿಯುವವರನ್ನೇ ಕೂರಿಸಿದ ಹಂದಿಗೋಡು ಕಾಯಿಲೆ ಬರಲು ಒಬ್ಬರ ಜೀನೇ ಸಾಕು. ನೆಂಟಸ್ತಿಕೆಯಲ್ಲಿ ಮದುವೆಯಾದವರ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಕಾಯಿಲೆಯ ಮಗು ಹುಟ್ಟಿದ ಮನೆಯಲ್ಲಿ ಮಾತ್ರ, ಬೈಗುಳವೆಲ್ಲ ತಾಯಿಯ ಪಾಲಿಗೇ ಬಂದದ್ದುಂಟು. ಜೀನು ಇಬ್ಬರಿಂದಲೂ ಬಂದಿದೆ ಎಂಬುದನ್ನು ಮೊದಲು ಹೇಳಬೇಕಾದದ್ದು ಅಲ್ಲಿಯೇ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ರಾಜ್ಯದ ಪ್ರಮಾಣ ಶೇ 27ರ ಆಸುಪಾಸು. ಇಂದು ಬೆಂಗಳೂರಿನ ತಳಿವಿಜ್ಞಾನ ಸಲಹೆಗಾರರು ಮೊದಲು ವಂಶವೃಕ್ಷ ಬರೆಯುತ್ತಾರೆ, ಗಂಡಹೆಂಡಿರಿಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸುತ್ತಾರೆ. ಇಬ್ಬರಲ್ಲೂ ಒಂದೇ ದೋಷ ಕಂಡರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಕುಟುಂಬದ ದೋಷ ಯಾವುದೆಂದು ಗೊತ್ತಿದ್ದರೆ ಮೂರನೆಯ ತಿಂಗಳಲ್ಲೇ ಭ್ರೂಣವನ್ನು ಪರೀಕ್ಷಿಸಬಹುದು.