ಬದುಕು ಎಂಬ ಮಾತು

‘ಬದುಕು’ ಕನ್ನಡದಲ್ಲಿ ಕ್ರಿಯಾಪದವೂ ಹೌದು, ನಾಮಪದವೂ ಹೌದು. ಹಳಗನ್ನಡದಲ್ಲಿ ಅದರ ರೂಪ ‘ಬರ್ದುಂಕು’. ಸಾವಿನಿಂದ ಪಾರಾಗು, ಜೀವ ಉಳಿಸಿಕೋ ಎಂಬ ಅರ್ಥ ಅದರಲ್ಲಿ ಎದ್ದು ಕಾಣುತ್ತದೆ, ಇವತ್ತಿಗೂ ಅದು ಸವೆದಿಲ್ಲ. ಅಪಘಾತದ ಸುದ್ದಿ ಬಂದರೆ ಬಳ್ಳಾರಿಯ ಗಾಂಧಿನಗರದ ಮನೆಯಲ್ಲಿ ಬಾಯಿಗೆ ಮೊದಲು ಬರುವ ಪ್ರಶ್ನೆ ‘ಬದುಕ್ಯಾನಾ?’ ಎಂಬುದೇ. ದೊಡ್ಡಾಸ್ಪತ್ರೆಯ ವಾರ್ಡಿನ ಹೊರಗೆ ಔಷಧದ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತ ತಾಯಿ ಡಾಕ್ಟರನ್ನು ಕೇಳುವುದೂ ಅದನ್ನೇ: ‘ಬದುಕ್ತಾನೇನ್ರೀ ಸಾರ್?’ ಆ ಹೊತ್ತಿಗೆ ಬದುಕು ಎಂದರೆ ಉಸಿರು. ಅದಕ್ಕಿಂತ ಹೆಚ್ಚಿನ ಅರ್ಥ ಆಕೆಗೆ ಬೇಕಾಗಿಲ್ಲ.

ಉಸಿರು ಉಳಿದ ಮೇಲೆ ಪದ ಹಿಗ್ಗುತ್ತದೆ. ‘ಬದುಕು ಮಾಡು’ ಎಂದರೆ ಮನೆಗೆಲಸ, ಹೊಲಗೆಲಸ ನಡೆಸು ಎಂದರ್ಥ. ಬೆಂಕಿಗೋ ನೆರೆಗೋ ‘ಬದುಕೆಲ್ಲ ಹೋಯ್ತು’ ಎಂದಾಗ ಹೋದದ್ದು ಕಾಳು, ಪಾತ್ರೆ, ದನ. ‘ಬದುಕಿಗಾಗಿ ಊರು ಬಿಟ್ಟರು’ ಎಂದಾಗ ಅದು ಹೊಟ್ಟೆಪಾಡು. ‘ಬಾಳಿ ಬದುಕಿದ ಮನೆ’ ಎಂದಾಗ ಮಾನ, ನಂಟು, ಬಂದುಹೋಗುವ ಜನ ಎಲ್ಲವೂ ಅದರೊಳಗೆ ಸೇರುತ್ತವೆ. ಜೀವ, ದುಡಿಮೆ, ಮನೆ ಮೂರನ್ನೂ ಒಂದೇ ಮಾತು ಹೊತ್ತಿದೆ. ಬಳ್ಳಾರಿ ಸೀಮೆಯಲ್ಲಿ ಕನ್ನಡದ ಪಕ್ಕದಲ್ಲೇ ಆಡುವ ತೆಲುಗಿನಲ್ಲಿ ಇದರ ಜೊತೆಗಾರ ಪದ ‘ಬ್ರತುಕು’, ಆಡುಮಾತಿನಲ್ಲಿ ‘ಬತುಕು’. ತೆಲಂಗಾಣದ ಹೂವಿನ ಹಬ್ಬ ಬತುಕಮ್ಮದ ಹೆಸರಿನಲ್ಲೇ ಬದುಕಮ್ಮಾ ಎಂಬ ಹಾರೈಕೆ ಕೇಳಿಸುತ್ತದೆ.

ಬಳ್ಳಾರಿ ಸೀಮೆಗೆ ‘ಬದುಕು’ ಪದದ ಮೊದಲ ಅರ್ಥವನ್ನು ಕಟುವಾಗಿ ಕಲಿಸಿದ್ದು 1876–78ರ ಬರ. ಧಾತು, ಈಶ್ವರ ಸಂವತ್ಸರಗಳಲ್ಲಿ ಬಂದದ್ದರಿಂದ ಜನ ಅದನ್ನು ಆ ಹೆಸರಿನಿಂದಲೇ ನೆನೆದರು. ಆಗ ಮದ್ರಾಸ್ ಪ್ರಾಂತದಲ್ಲಿದ್ದ ಬಳ್ಳಾರಿ, ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಒಂದು. 1877ರಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬರಗಾಲದ ಕಾಮಗಾರಿಗಳಿಗೆ ಕೂಲಿ ಗೊತ್ತುಮಾಡಿದ: ದಿನವಿಡೀ ದುಡಿದ ಗಂಡಾಳಿಗೆ ಒಂದು ಪೌಂಡ್ ಧಾನ್ಯ, ಅಂದರೆ ಸುಮಾರು 450 ಗ್ರಾಂ, ಜೊತೆಗೆ ಒಂದು ಆಣೆ. ಮನುಷ್ಯ ಬದುಕಲು ಇಷ್ಟು ಸಾಕು ಎಂದು ಸರ್ಕಾರ ತಕ್ಕಡಿಯಲ್ಲಿಟ್ಟು ತೂಗಿತು. ಇಷ್ಟರಲ್ಲಿ ಜೀವ ನಿಲ್ಲದು ಎಂದು ಪ್ರಾಂತದ ಆರೋಗ್ಯಾಧಿಕಾರಿ ಕಾರ್ನಿಷ್ ವಾದಿಸಿದ. ಜೀವ ಉಳಿದವರಿಗಾದರೂ ಆ ಲೆಕ್ಕದಲ್ಲಿ ಮನೆ, ಹೊಲ, ನಂಟು ಯಾವುದೂ ಇರಲಿಲ್ಲ.

‘ಬದುಕು’ ಪದದ ಜೋಡಿಪದ ‘ಬಾಳು’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ‘ಈ ಎತ್ತು ಎಷ್ಟು ಬಾಳುತ್ತದೆ?’ ಎಂದರೆ ಅದರ ಬೆಲೆ ಎಷ್ಟು ಎಂದು. ‘ಬಾಳಿಕೆ’ ಎಂದರೆ ತಾಳಿಕೆ. ಜೀವಿಸುವುದು, ಬೆಲೆಯುಳ್ಳದ್ದಾಗಿರುವುದು, ಹರಿಯದೆ ಉಳಿಯುವುದು, ಈ ಮೂರಕ್ಕೂ ಕನ್ನಡ ಒಂದೇ ಬೇರಿನಿಂದ ಮಾತು ತೆಗೆದಿದೆ. ಬಾಳಿಗೆ ಬೆಲೆ ಇದೆಯೇ ಎಂದು ಯಾರಾದರೂ ಕೇಳುವ ಮೊದಲೇ ಭಾಷೆ ಎರಡನ್ನೂ ಒಂದೆಡೆ ಕೂರಿಸಿಬಿಟ್ಟಿತ್ತು. ಕನ್ನಡದ ಅತ್ಯಂತ ಆಳವಾದ ಮಾತುಗಳಲ್ಲಿ ಇದೊಂದು.

‘ಬದುಕಿಗೆ ಅರ್ಥವಿದೆಯೇ’ ಎಂಬ ವಾಕ್ಯ ಪುಸ್ತಕಗಳಲ್ಲಿ ಬಲವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಫ್ರಾನ್ಸಿನ ಲೇಖಕ ಕಮೂ ಅದನ್ನು ಗ್ರೀಕ್ ಪುರಾಣದ ಸಿಸಿಫಸನ ಕಥೆಯ ಮೂಲಕ ಎತ್ತಿದ. ಮರುವರ್ಷ ಡಿ.ವಿ.ಜಿ.ಯವರ ಮಂಕುತಿಮ್ಮನ ಕಗ್ಗ ಬಂತು. ನಾಜಿ ಶಿಬಿರಗಳಿಂದ ಬದುಕಿ ಬಂದ ಮನೋವೈದ್ಯ ಫ್ರಾಂಕ್ಲ್ 1946ರಲ್ಲಿ ತನ್ನ ಅನುಭವ ಬರೆದ. ನವ್ಯರ ಕಾಲಕ್ಕೆ ‘ಪರಕೀಯತೆ’, ‘ಅನಾಥಪ್ರಜ್ಞೆ’ ಎಂಬ ಪದಗಳು ವಿಮರ್ಶೆಯಲ್ಲಿ ತುಂಬಿಕೊಂಡವು. 1979ರ ಯಶವಂತ ಚಿತ್ತಾಲರ ‘ಶಿಕಾರಿ’ ಮುಂಬಯಿಯ ಕಂಪನಿ ಜಗತ್ತಿನಲ್ಲಿ ಒಬ್ಬಂಟಿಯಾದವನ ಕಥೆ. ಆದರೆ ಈ ವಿಮರ್ಶೆಯ ಪದಗಳು ಮನೆಯ ಮಾತಿಗೆ ಇಳಿಯಲಿಲ್ಲ. ಅಲ್ಲಿ ಕೆಲಸ ಮಾಡಿದ್ದು ಹಳೆಯ ‘ಬದುಕು’ ಪದವೇ. ಗೀತಾ ನಾಗಭೂಷಣರ ಕಾದಂಬರಿಯ ಹೆಸರೂ ಅಷ್ಟೇ, ‘ಬದುಕು’. ಅದಕ್ಕೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

ಪರಕೀಯತೆಯನ್ನು ಹತ್ತಿರದಿಂದ ನೋಡಲು ಬಳ್ಳಾರಿಯ ಜೀನ್ಸ್ ಕೆಲಸ ಸಾಕು. ಹೊಲಿದ ಪ್ಯಾಂಟುಗಳ ಕಟ್ಟು ಮನೆ ಬಾಗಿಲಿಗೆ ಬರುತ್ತದೆ. ಹೊಸ್ತಿಲ ಬೆಳಕಿಗೆ ಕೂತ ಹೆಂಗಸು ಹೊಲಿಗೆಯ ತುದಿಗಳಲ್ಲಿ ಉಳಿದ ದಾರವನ್ನು ಚಿಕ್ಕ ಕತ್ತರಿಯಿಂದ ಒಂದೊಂದಾಗಿ ಕತ್ತರಿಸುತ್ತಾಳೆ. ಕೂಲಿ ಪೀಸಿನ ಲೆಕ್ಕ. ಸಂಜೆಗೆ ಬೆರಳ ತುದಿ ನೀಲಿ. ಆ ಪ್ಯಾಂಟು ಯಾವ ಊರಿಗೆ ಹೋಗುತ್ತದೆ, ಯಾರು ತೊಡುತ್ತಾರೆ ಎಂಬುದು ಆಕೆಗೆ ತಿಳಿಯುವುದಿಲ್ಲ. ದುಡಿದವರಿಂದ ದುಡಿಮೆಯೇ ದೂರವಾಗುವುದನ್ನು ಮಾರ್ಕ್ಸ್ 1844ರ ತನ್ನ ಬರಹಗಳಲ್ಲಿ ವಿವರಿಸಿದ. ಆಕೆ ಹೇಳುವುದು ಮಾತ್ರ ‘ಇದs ನಮ್ ಬದುಕ್ರೀ’ ಎಂದು. ಅದರಲ್ಲಿ ದಣಿವಿದೆ, ಆದರೆ ಅರ್ಥ ಬರಿದಾಗಿಲ್ಲ. ಕತ್ತರಿಸಿದ ದಾರಕ್ಕೂ ಒಲೆಯ ಮೇಲಿನ ಅನ್ನಕ್ಕೂ ಮಗಳ ಶಾಲೆಗೂ ನಡುವೆ ಸಂಬಂಧ ಉಳಿದಿದೆ.

ಆ ಸಂಬಂಧ ಉಳಿಯದ ಕಡೆ ಪದ ಸೀಳುತ್ತದೆ. ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಹೋದ ಮನೆಯಲ್ಲಿ ಹಿರಿಯರು ‘ಅವರ ಬದುಕು ಅವರಿಗೆ, ನಮ್ಮ ಬದುಕು ನಮಗೆ’ ಎನ್ನುತ್ತಾರೆ. ಊಟಕ್ಕೆ, ಔಷಧಕ್ಕೆ ಅಲ್ಲಿ ಕೊರತೆ ಇಲ್ಲದಿರಬಹುದು. ಒಟ್ಟಿಗಿದ್ದ ಜೀವ, ದುಡಿಮೆ, ಮನೆ ಎಂಬ ಮೂರರಲ್ಲಿ ಮನೆಯೇ ಕಳಚಿಕೊಂಡಿರುತ್ತದೆ. ನೋವೊಂದೇ ಬದುಕನ್ನು ನಿರರ್ಥಕ ಮಾಡುವುದು ಕಡಿಮೆ, ಹಾಗೆ ಮಾಡುವುದು ಈ ಕಳಚುವಿಕೆ. ಬರ ಕಂಡ ಸೀಮೆಯ ಜನ ಇದನ್ನು ಬಲ್ಲರು. ಅದಕ್ಕೇ ಎದುರು ಸಿಕ್ಕವರನ್ನು ಅವರು ಬದುಕಿನ ಅರ್ಥ ಕೇಳುವುದಿಲ್ಲ, ‘ಬದುಕು ಹೆಂಗ್ ನಡದೈತ್ರಿ?’ ಎಂದು ವಿಚಾರಿಸುತ್ತಾರೆ.

ಈ ಪದದ ಅತಿ ಭಾರವಾದ ಪ್ರಯೋಗ ‘ಬದುಕೋದೇ ಬ್ಯಾಡ ಅನಸ್ತೈತಿ’ ಎಂಬುದು. ಅದನ್ನು ಬರೀ ಬೇಸರದ ಮಾತೆಂದು ತಳ್ಳಿಹಾಕಬಾರದು, ಕೂತು ಕೇಳಬೇಕು. ಮನೆಯಲ್ಲಿ ಕೇಳುವವರಿಲ್ಲದವರಿಗೆ 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ. ಸಂಖ್ಯೆ 14416. ಹಗಲೂ ರಾತ್ರಿಯೂ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.