ಗಣಿತದಲ್ಲಿ ಮುಂದೆ, ಬರವಣಿಗೆಯಲ್ಲಿ ಹಿಂದೆ: ಇಂಥ ಮಗುವಿಗೆ ಯಾವ ಶಾಲೆ?

ಕನ್ನಡ ಬಂಧುಗಳು ನಾಲ್ಕು ಜನ ಸೇರಿದರೆ ಮಕ್ಕಳ ಓದಿನ ಮಾತು ಬಾರದೆ ಇರುವುದಿಲ್ಲ. ಯಾರ ಮಗಳು ಗಿಫ್ಟೆಡ್ ತರಗತಿಗೆ ಸೇರಿದಳು, ಯಾರ ಮಗ ಸ್ಪೆಲ್ಲಿಂಗ್ ಬೀಯಲ್ಲಿ ಗೆದ್ದ ಎಂಬುದನ್ನೆಲ್ಲ ನಾವು ಸಂತೋಷದಿಂದ ಹಂಚಿಕೊಳ್ಳುತ್ತೇವೆ. ಆದರೆ ಏಳನೇ ವಯಸ್ಸಿಗೇ ಭಿನ್ನರಾಶಿ ಲೆಕ್ಕವನ್ನು ಬಾಯಲ್ಲೇ ಮಾಡುವ ಹುಡುಗ ನಾಲ್ಕು ಸಾಲು ಬರೆಯಲು ಒಂದು ಗಂಟೆ ಒದ್ದಾಡುತ್ತಾನೆ, ಕಾಲುಚೀಲದ ಹೊಲಿಗೆ ಚುಚ್ಚಿತೆಂದು ರಂಪ ಮಾಡುತ್ತಾನೆ ಎಂಬುದನ್ನು ಪಾಟ್‌ಲಕ್ ಊಟದಲ್ಲಿ ಯಾರೂ ಹೇಳುವುದಿಲ್ಲ. ಅಂಥ ಮಕ್ಕಳ ತಂದೆತಾಯಿಯರಿಗಾಗಿ, ಅಮೆರಿಕದ ಶಾಲಾ ವ್ಯವಸ್ಥೆಯನ್ನು ಕುರಿತು ಈ ಮಾಹಿತಿ.

ಪ್ರತಿಭಾವಂತ ಮಕ್ಕಳ ಬುದ್ಧಿ, ಭಾವನೆ, ಕೈಕೆಲಸ ಎಲ್ಲವೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. 1991ರಲ್ಲಿ ಕೊಲಂಬಸ್ ಗ್ರೂಪ್ ಎಂಬ ತಜ್ಞರ ತಂಡ ಈ ಅಸಮ ಬೆಳವಣಿಗೆಯೇ ಇಂಥ ಮಕ್ಕಳ ಮುಖ್ಯ ಲಕ್ಷಣವೆಂದು ಹೇಳಿತು. ಎಲ್ಲ ಅಸಮತೆಯೂ ತೊಂದರೆಯಲ್ಲ. ಎಂಟು ವರ್ಷದ ಮಗು ಎಂಟು ವರ್ಷದ ಮಗುವಿನಂತೆಯೇ ಅಳುವುದು ಸಹಜ. ಆದರೆ ಕೆಲವರಲ್ಲಿ ಪ್ರತಿಭೆಯ ಜೊತೆಗೆ ಡಿಸ್ಲೆಕ್ಸಿಯಾ, ಎ.ಡಿ.ಎಚ್.ಡಿ., ಆಟಿಸಂ ಅಥವಾ ಬರವಣಿಗೆಯ ತೊಂದರೆ ಇರುತ್ತದೆ. ಇವರನ್ನು ಇಲ್ಲಿ 'ಟ್ವೈಸ್ ಎಕ್ಸೆಪ್ಷನಲ್', ಚಿಕ್ಕದಾಗಿ 'ಟೂ ಈ' ಎನ್ನುತ್ತಾರೆ. ಜಾಣತನ ತೊಂದರೆಯನ್ನು ಮುಚ್ಚುತ್ತದೆ, ತೊಂದರೆ ಜಾಣತನವನ್ನು ಮುಚ್ಚುತ್ತದೆ. ಶಿಕ್ಷಕರಿಗೆ ಕಾಣುವುದು ಒಬ್ಬ ಸಾಧಾರಣ ವಿದ್ಯಾರ್ಥಿ, ಅದೂ ಸ್ವಲ್ಪ ಸೋಮಾರಿ!

ಪರೀಕ್ಷೆಯ ಒಟ್ಟು ಅಂಕವೂ ಇದೇ ರೀತಿ ಮೋಸ ಮಾಡುತ್ತದೆ. ಸಾಮಾನ್ಯವಾಗಿ ಬಳಸುವ ವಿಸ್ಕ್ ಬುದ್ಧಿಪರೀಕ್ಷೆಯ 2014ರ ಐದನೇ ಆವೃತ್ತಿಯಲ್ಲಿ ಐದು ವಿಭಾಗಗಳಿವೆ: ಭಾಷಾ ಗ್ರಹಿಕೆ, ದೃಶ್ಯ ಗ್ರಹಿಕೆ, ತರ್ಕ, ವರ್ಕಿಂಗ್ ಮೆಮೊರಿ ಮತ್ತು ಕೆಲಸದ ವೇಗ. ಭಾಷೆಯಲ್ಲಿ 140, ವೇಗದಲ್ಲಿ 85 ಪಡೆದ ಮಗುವಿನ ಒಟ್ಟು ಅಂಕ 130ರ ಕೆಳಗೆ ಇಳಿದುಬಿಡಬಹುದು. ಗಿಫ್ಟೆಡ್ ತರಗತಿಗೆ ಹಲವು ಡಿಸ್ಟ್ರಿಕ್ಟುಗಳು ಗೆರೆ ಎಳೆಯುವುದು ಅಲ್ಲೇ. ಹಾಗಾಗಿ ವರದಿಯಲ್ಲಿ ಪ್ರತಿ ವಿಭಾಗದ ಅಂಕವನ್ನೂ ಬಿಡಿಬಿಡಿಯಾಗಿ ಓದಬೇಕು. ವರ್ಕಿಂಗ್ ಮೆಮೊರಿ ಮತ್ತು ವೇಗವನ್ನು ಬಿಟ್ಟು ಲೆಕ್ಕ ಹಾಕುವ ಜಿ.ಎ.ಐ. ಎಂಬ ಅಂಕವೂ ಇದೆ. ಅದನ್ನು ಕೊಡಿ ಎಂದು ಕೇಳಬಹುದು, ಕೇಳಲೇಬೇಕು.

ಈಗ ಕಾನೂನಿನ ಮಾತು. ಇಲ್ಲಿ ನಮ್ಮವರಿಗೆ ಬಹಳ ಗೊಂದಲ. ಗಿಫ್ಟೆಡ್ ಶಿಕ್ಷಣ ಕೊಡಲೇಬೇಕೆಂಬ ಕೇಂದ್ರ ಕಾನೂನು ಅಮೆರಿಕದಲ್ಲಿ ಇಲ್ಲ. ಅದು ರಾಜ್ಯಕ್ಕೆ ಬಿಟ್ಟದ್ದು. ಪೆನ್ಸಿಲ್ವೇನಿಯಾದಲ್ಲಿ ಅಂಥ ಮಕ್ಕಳಿಗೆ ಜಿ.ಐ.ಇ.ಪಿ. ಎಂಬ ಲಿಖಿತ ಯೋಜನೆ ಕಡ್ಡಾಯ. ಕ್ಯಾಲಿಫೋರ್ನಿಯಾದಲ್ಲಿ 2013ರಿಂದ ಗಿಫ್ಟೆಡ್ ಕಾರ್ಯಕ್ರಮಕ್ಕೆ ರಾಜ್ಯದ ಪ್ರತ್ಯೇಕ ಹಣವೂ ಇಲ್ಲ. ಕಲಿಕೆಯ ತೊಂದರೆ ಇರುವ ಮಕ್ಕಳಿಗೆ ಮಾತ್ರ ದೇಶದ ಎಲ್ಲೆಡೆ ಅನ್ವಯಿಸುವ ಎರಡು ಕಾನೂನುಗಳಿವೆ: ಐ.ಇ.ಪಿ. ಕೊಡಿಸುವ 'ಐಡಿಯಾ' ಮತ್ತು 1973ರ ಪುನರ್ವಸತಿ ಕಾಯಿದೆಯ 504ನೇ ಸೆಕ್ಷನ್. ಸರಕಾರಿ ಶಾಲೆಯಲ್ಲಿ ಓದುವ ಮಕ್ಕಳಿಗೆ ವೀಸಾ ಯಾವುದೇ ಇರಲಿ, ಈ ಹಕ್ಕು ಇದೆ.

"ನಿಮ್ಮ ಮಗನಿಗೆ ಒಳ್ಳೆಯ ಗ್ರೇಡ್ ಬರುತ್ತಿದೆ, ಐ.ಇ.ಪಿ. ಯಾಕೆ?" ಎಂದು ಶಾಲೆ ಕೇಳಬಹುದು. ಮಗು ಫೇಲಾಗದೆ ತರಗತಿಯಿಂದ ತರಗತಿಗೆ ದಾಟುತ್ತಿದ್ದರೂ ಅಗತ್ಯವಿದ್ದರೆ ಸೇವೆ ಕೊಡಬೇಕೆಂದು ಐಡಿಯಾ ನಿಯಮಗಳೇ ಹೇಳುತ್ತವೆ. ಬುದ್ಧಿಪರೀಕ್ಷೆಯ ಅಂಕ ಜಾಸ್ತಿ ಎಂಬ ಒಂದೇ ಕಾರಣಕ್ಕೆ ಮಗುವನ್ನು ಹೊರಗಿಡುವಂತಿಲ್ಲ ಎಂದು ಕೇಂದ್ರ ಶಿಕ್ಷಣ ಇಲಾಖೆ 2013ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಮೌಲ್ಯಮಾಪನದ ಕೋರಿಕೆಯನ್ನು ಬರವಣಿಗೆಯಲ್ಲೇ ಕೊಡಿ, ತಾರೀಖು ಹಾಕಿ, ಪ್ರತಿ ಇಟ್ಟುಕೊಳ್ಳಿ. ಟೀಚರ್ ಜೊತೆ ಕಾರಿಡಾರಿನಲ್ಲಿ ಆಡಿದ ಮಾತು ಲೆಕ್ಕಕ್ಕೆ ಬರುವುದಿಲ್ಲ. ನೀವು ಒಪ್ಪಿಗೆಗೆ ಸಹಿ ಹಾಕಿದ 60 ದಿನಗಳೊಳಗೆ ಮೌಲ್ಯಮಾಪನ ಮುಗಿಯಬೇಕು (ರಾಜ್ಯ ಬೇರೆ ಗಡುವು ಇಟ್ಟಿದ್ದರೆ ಅದು). ಫಲಿತಾಂಶ ಒಪ್ಪಿಗೆಯಾಗದಿದ್ದರೆ ಸ್ವತಂತ್ರ ತಜ್ಞರಿಂದ ಇನ್ನೊಮ್ಮೆ ಮಾಡಿಸಿ ಎಂದು ಕೇಳಬಹುದು. ಆಗ ಡಿಸ್ಟ್ರಿಕ್ಟ್ ಅದರ ಖರ್ಚು ಕೊಡಬೇಕು, ಇಲ್ಲವೇ ತನ್ನ ಪರೀಕ್ಷೆ ಸರಿ ಎಂದು ವಿಚಾರಣೆಯಲ್ಲಿ ತೋರಿಸಬೇಕು.

ಮನೆಯಲ್ಲಿ ಕನ್ನಡ ಆಡುವ ಮಗುವಾದರೆ ಅದನ್ನು ಪರೀಕ್ಷಕರಿಗೆ ಮೊದಲೇ ತಿಳಿಸಿ. ಇಂಗ್ಲಿಷ್ ಪದಸಂಪತ್ತಿನ ಕೊರತೆ ಬೇರೆ, ಭಾಷಾ ತೊಂದರೆ ಬೇರೆ. "ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ" ಎಂಬ ಸಲಹೆ ಈಗಲೂ ಕೇಳಿಬರುತ್ತದೆ. ಎರಡು ಭಾಷೆ ಕಲಿಯುವುದರಿಂದ ಭಾಷಾ ತೊಂದರೆ ಹುಟ್ಟುವುದಿಲ್ಲ, ಅದಕ್ಕಾಗಿ ಅಜ್ಜಿಯ ಜೊತೆಗಿನ ಮಾತು ನಿಲ್ಲಿಸಬೇಕಾಗಿಲ್ಲ.

ಇನ್ನು ಶಾಲೆಯ ಆಯ್ಕೆ. ಟೂ ಈ ಮಕ್ಕಳಿಗೆಂದೇ ಇರುವ ಲಾಸ್ ಏಂಜಲೀಸಿನ ಬ್ರಿಜಸ್ ಅಕಾಡೆಮಿಯಂಥ ಖಾಸಗಿ ಶಾಲೆಗಳಿವೆ, ಆದರೆ ಫೀಸು ಎಲ್ಲರ ಕೈಗೆಟುಕುವಂಥದ್ದಲ್ಲ. ನೆವಾಡಾದ ರೀನೋ ನಗರದಲ್ಲಿ 2006ರಲ್ಲಿ ಶುರುವಾದ ಡೇವಿಡ್‌ಸನ್ ಅಕಾಡೆಮಿ ಆ ರಾಜ್ಯದ ನಿವಾಸಿಗಳಿಗೆ ಉಚಿತ. ಅದು ಅತಿ ಪ್ರತಿಭಾವಂತರಿಗೆ ಮೀಸಲು. ಉಳಿದ ನಮ್ಮಂಥವರಿಗೆ ಹತ್ತಿರದ ಸರಕಾರಿ ಶಾಲೆಯೇ ಗತಿ, ಅದೇನೂ ಕೆಟ್ಟ ಗತಿಯಲ್ಲ. ನಾವು ಹೇಳುವುದಿಷ್ಟೇ: ಎರಡನ್ನೂ ಒಟ್ಟಿಗೆ ಕೇಳಿ. "ಮೊದಲು ಬರವಣಿಗೆ ಸರಿಯಾಗಲಿ, ಆಮೇಲೆ ಮೇಲಿನ ಗಣಿತ ನೋಡೋಣ" ಎಂದರೆ ಒಪ್ಪಬೇಡಿ. ಗಣಿತವನ್ನು ಮೇಲಿನ ತರಗತಿಯಲ್ಲಿ ಕೂತು ಕಲಿಯಲಿ, ಉತ್ತರಗಳನ್ನು ಟೈಪ್ ಮಾಡಲಿ ಅಥವಾ ಬಾಯಲ್ಲಿ ಹೇಳಲಿ, ಪರೀಕ್ಷೆಗೆ ಹೆಚ್ಚು ಸಮಯ ಸಿಗಲಿ. ಇಡೀ ತರಗತಿ ಹಾರಿಸುವುದಕ್ಕಿಂತ ಒಂದೇ ವಿಷಯದಲ್ಲಿ ಮುಂದೆ ಹಾಕುವುದು ಅಸಮ ಬೆಳವಣಿಗೆಯ ಮಗುವಿಗೆ ಹೆಚ್ಚು ಹೊಂದುತ್ತದೆ ಎಂಬುದು ನಮ್ಮ ಅಭಿಪ್ರಾಯ. ಶಾಲೆ ನೋಡಲು ಹೋದಾಗ ಪ್ರಶಸ್ತಿ ಫಲಕಗಳನ್ನು ನೋಡುವ ಬದಲು, ಹೋಂವರ್ಕ್ ಬೇಗ ಮುಗಿಸಿದ ಮಗುವಿಗೆ ಏನು ಕೊಡುತ್ತೀರಿ ಎಂದು ಕೇಳಿ. "ಅದೇ ಥರದ ಇನ್ನೂ ಇಪ್ಪತ್ತು ಲೆಕ್ಕ" ಎಂಬ ಉತ್ತರ ಬಂದರೆ ಮುಂದಿನ ಶಾಲೆ ನೋಡುವುದು ಒಳ್ಳೆಯದು. ಖಾಸಗಿ ಶಾಲೆಗೆ ಹೋಗುವ ಮುನ್ನ ಇದನ್ನೂ ನೆನಪಿಡಿ: ನೀವಾಗಿಯೇ ಸೇರಿಸಿದ ಖಾಸಗಿ ಶಾಲೆಯಲ್ಲಿ ಐ.ಇ.ಪಿ.ಯ ಹಕ್ಕು ಜೊತೆಗೆ ಬರುವುದಿಲ್ಲ.

ಊರಿಗೆ ಮರಳುವ ಯೋಚನೆ ಇದ್ದವರು ಮೂಲ ವರದಿಗಳನ್ನು ಜೋಪಾನವಾಗಿಡಿ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಕಲಿಕಾ ತೊಂದರೆಯನ್ನೂ ಒಳಗೊಂಡಿದೆ, ಸಿ.ಬಿ.ಎಸ್.ಇ. ಪರೀಕ್ಷೆಗಳಲ್ಲಿ ಹೆಚ್ಚುವರಿ ಸಮಯ ಮತ್ತು ಬರೆದುಕೊಡುವ ಸಹಾಯಕರ ಸೌಲಭ್ಯ ಇದೆ. ಅದಕ್ಕೆ ಅಲ್ಲಿನ ಪ್ರಮಾಣಪತ್ರ ಬೇಕು, ಇಲ್ಲಿನ ವರದಿ ಕೈಯಲ್ಲಿದ್ದರೆ ಮಗುವಿನ ಹಿಂದಿನ ಕಥೆಯನ್ನೆಲ್ಲ ಮೊದಲಿನಿಂದ ಹೇಳುವುದು ತಪ್ಪುತ್ತದೆ.